ಓದಿಸಿದರು, ಬಿಡಿಸಿದರು: ಒಬ್ಬ ಸಂಶೋಧಕಿಯ ಪ್ರಕರಣ

ನಾನು ಆಪ್ತಸಲಹೆಗಾರ್ತಿ. ನನ್ನ ಬಳಿಗೆ ಬಂದ ಸಂಶೋಧಕಿಯೊಬ್ಬರ ಈ ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಊರು, ಮನೆಯವರ ಉದ್ಯೋಗ, ಸಂದರ್ಶನ ಕೊಟ್ಟ ಅಜ್ಜಿಯ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ಬರೆದಾದ ಮೇಲೆ ಅವರೇ ಒಮ್ಮೆ ಓದಿ ಎರಡು ಕಡೆ ತಿದ್ದಿ ಕೊಟ್ಟರು. ಇಲ್ಲಿ ಅವರನ್ನು ವಸುಧಾ ಎಂದು ಕರೆಯುತ್ತೇನೆ.

ವಸುಧಾಗೆ 31 ವರ್ಷ. ಇತಿಹಾಸದಲ್ಲಿ ಎಂ.ಎ., ಕೆ-ಸೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸು. ಪಿಎಚ್.ಡಿ.ಗೆ ನೋಂದಾಯಿಸಿ ನಾಲ್ಕನೇ ವರ್ಷ ನಡೆಯುತ್ತಿತ್ತು. ಜೊತೆಗೆ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸೆಮಿಸ್ಟರ್ ಮುಗಿದರೆ ಸಂಬಳವೂ ನಿಲ್ಲುವ ಕೆಲಸ. ಮನೆಯಲ್ಲಿ ಗಂಡ, ನಾಲ್ಕು ವರ್ಷದ ಮಗಳು, ಅತ್ತೆ. ಸಂಶೋಧನೆಯ ವಿಷಯ ಹಳೇ ಮೈಸೂರು ಸೀಮೆಯ ಹೆಣ್ಣುಮಕ್ಕಳ ಶಾಲೆಗಳು: 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರು ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಆರಂಭಿಸಿದ ಮಹಾರಾಣಿ ಬಾಲಿಕಾ ಶಾಲೆಯಿಂದ ಹಿಡಿದು 1956ರ ಏಕೀಕರಣದವರೆಗೆ. ಅರ್ಧ ಕೆಲಸ ಪತ್ರಾಗಾರದ ಕಡತಗಳಲ್ಲಿ, ಇನ್ನರ್ಧ ಆ ಕಾಲದ ಕೊನೆಯ ದಿನಗಳಲ್ಲಿ ಶಾಲೆಗೆ ಹೋಗಿದ್ದ ಅಜ್ಜಿಯರ ಮಾತಿನಲ್ಲಿ. ಇಪ್ಪತ್ತಮೂರು ಸಂದರ್ಶನ ಮುಗಿಸಿದ್ದರು.

ಮೊದಲ ದಿನ ಹೇಳಿದ್ದು ತಲೆನೋವಿನ ವಿಷಯ. ಆಮೇಲೆ ನಿದ್ದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ, ಚೀಲದ ಜಿಪ್ಪನ್ನು ಎಳೆಯುತ್ತಾ ಹಾಕುತ್ತಾ, ಥೀಸಿಸ್ ಕಡೆ ತಿರುಗಿ ನೋಡಿ ಐದು ತಿಂಗಳಾಯಿತು ಎಂದರು. ಲ್ಯಾಪ್‌ಟಾಪ್ ತೆರೆಯುತ್ತಾರೆ, ಕಾಲೇಜಿನ ಇಂಟರ್ನಲ್ ಅಂಕ ತುಂಬುತ್ತಾರೆ, ಮಗಳಿಗೆ ಹಾಡು ಹಾಕಿ ಕೊಡುತ್ತಾರೆ, ಆದರೆ ಆ ಒಂದು ಫೋಲ್ಡರನ್ನು ಮುಟ್ಟುವುದಿಲ್ಲ. ಗೈಡ್ ಕರೆ ಮಾಡಿದರೆ ಫೋನ್ ಮಗುಚಿ ಇಡುತ್ತಾರೆ.

"ಕ್ಲಾಸಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀನಿ ಮೇಡಂ. ಮನೇಲಿ ಅತ್ತೆ ಎದುರಿಗೆ ಪುಸ್ತಕ ಹಿಡ್ಕೊಂಡು ಕೂರೋಕೆ ಧೈರ್ಯ ಇಲ್ಲ. ಯಾವ ಮುಖ ಇಟ್ಕೊಂಡು ಬರೀಲಿ? ಎಲ್ಲಾ ಸುಳ್ಳು ಅನ್ಸುತ್ತೆ."

ಇಂಥ ಮಾತಿಗೆ ತಕ್ಷಣ ಸಮಾಧಾನ ಹೇಳಿಬಿಡಬಾರದು. ಮೊದಲು ದೇಹ. ರಕ್ತಪರೀಕ್ಷೆ ಮಾಡಿಸಿ ಬನ್ನಿ ಎಂದೆ. ಹಿಮೋಗ್ಲೋಬಿನ್ 9.1 ಬಂತು, ಥೈರಾಯ್ಡ್ ಸರಿಯಿತ್ತು. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ದಣಿವಿನ ಒಂದು ಪಾಲು ರಕ್ತದಲ್ಲೇ ಇದ್ದದ್ದು, ಅದನ್ನು ಅವರು ಒಂದು ವರ್ಷದಿಂದ ಸೋಮಾರಿತನ ಎಂದು ತಮ್ಮ ಮೇಲೆಯೇ ಹೇರಿಕೊಂಡಿದ್ದರು. ಎರಡನೆಯದಾಗಿ, ಸಾಯುವ ಯೋಚನೆ ಬರುತ್ತದೆಯೇ ಎಂದು ಸುತ್ತಿಬಳಸದೆ ಕೇಳಿದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳದಿದ್ದರೆ ಅದು ಒಳಗೇ ಉಳಿಯುತ್ತದೆ. "ಸಾಯ್ಬೇಕು ಅಂತ ಇಲ್ಲ. ಬೆಳಿಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ ಒಂದೊಂದ್ಸಲ." ಇದನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ವಾರವೇ ಮನೋವೈದ್ಯರ ಬಳಿ ಕಳಿಸಿದೆ. ಅವರು ನೋಡಿ, ಸದ್ಯಕ್ಕೆ ಔಷಧಿ ಬೇಡ, ಆಪ್ತಸಲಹೆ ಮುಂದುವರಿಸಿ, ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಅಂಥ ಯೋಚನೆ ಜೋರಾದ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿದೆ: ತಂಗಿ, ಕಾಲೇಜಿನ ಗೆಳತಿ, ಇಬ್ಬರೂ ಸಿಗದಿದ್ದರೆ ಟೆಲಿ-ಮಾನಸ್ 14416. ಅದು ಹಗಲು ರಾತ್ರಿ ನಡೆಯುವ ಉಚಿತ ಸರ್ಕಾರಿ ಸೇವೆ, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ಭೇಟಿಯಲ್ಲಿ, ಥೀಸಿಸ್ ಬರೆಯುವುದು ಬೇಡ, ನನಗೆ ಅದನ್ನು ಹೇಳಿ ಸಾಕು ಎಂದೆ. ನಿಧಾನವಾಗಿ ಶುರುವಾಯಿತು. 1894ರಲ್ಲೇ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು ಕಾನೂನಿನಿಂದ ತಡೆದದ್ದು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಬಂದು ಹುಡುಗಿಯ ಮದುವೆಯ ವಯಸ್ಸು 14 ಆಗುವುದಕ್ಕೆ ಅದು ಮೂವತ್ತೈದು ವರ್ಷ ಹಿಂದಿನ ಮಾತು. "ಆದ್ರೆ ಲೆಕ್ಕ ಹಾಕಿ ನೋಡಿ ಮೇಡಂ. ಎಂಟಕ್ಕೆ ಮದುವೆ ಮಾಡಬಹುದು ಅಂದ್ರೆ, ಐದಕ್ಕೆ ಸೇರಿಸಿದ ಹುಡುಗಿಗೆ ಶಾಲೆಗೆ ಸಿಕ್ಕೋದು ಮೂರು ವರ್ಷ. ಮದುವೆ ಆದ್ಮೇಲೂ ದೊಡ್ಡೋಳಾಗೋವರೆಗೆ ಕಳಿಸಿದ್ರೆ ಇನ್ನೊಂದು ನಾಲ್ಕು. ಶಾಲೆ ಎಷ್ಟು ಕಟ್ಟಿದ್ರು ಅನ್ನೋದನ್ನ ಎಲ್ಲರೂ ಬರೀತಾರೆ, ಹುಡುಗಿ ಕೈಯಲ್ಲಿ ವರ್ಷ ಎಷ್ಟಿತ್ತು ಅನ್ನೋದನ್ನ ಯಾರೂ ಬರೆಯಲ್ಲ." ಹೇಳುವಾಗ ಬೆನ್ನು ನೆಟ್ಟಗಾಗಿತ್ತು, ಜಿಪ್ಪಿನ ಮೇಲಿಂದ ಕೈ ಎದ್ದು ಗಾಳಿಯಲ್ಲಿ ಆಡುತ್ತಿತ್ತು. ಬುದ್ಧಿ ಎಲ್ಲೂ ಬತ್ತಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಬರವಣಿಗೆ ನಿಂತವರಲ್ಲಿ ಇದನ್ನು ನೋಡುವುದು ಬಹಳ ಮುಖ್ಯ. ಕೇಳಿದರೆ ಹೇಳಬಲ್ಲರು, ಬರೆಯಲು ಕೂತರೆ ಆಗದು ಎಂದರೆ ಅಡ್ಡ ನಿಂತದ್ದು ಬೇರೆ ಏನೋ.

ಆ ದಿನವೇ ಇನ್ನೊಂದು ಕಿವಿಗೆ ಬಿತ್ತು. ಅಜ್ಜಿಯರ ಬಗ್ಗೆ ಹೇಳುವಾಗ ವಸುಧಾ ಅವರ ಮಾತನ್ನು ಅವರ ಬಾಯಲ್ಲೇ ಹೇಳುತ್ತಿದ್ದರು. "ಮೂರನೇ ಕ್ಲಾಸ್ಗಂಟ ಓದಿಸಿದ್ರು." "ಅಮೇಲೆ ಬಿಡಿಸಿದ್ರು." "ನಮ್ಮಪ್ಪ ಕಳಿಸ್ತಿದ್ರು, ದೊಡ್ಡಪ್ಪ ನಿಲ್ಲಿಸಿದ್ರು." ನಾನು ಕೇಳಿದೆ: ಓದಿದೆ ಎಂದು ಯಾರೂ ಅನ್ನಲಿಲ್ಲವೇ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ ಕಟ್ಟಿ ಶಾಲೆಯ ಮೇಡಮ್ಮಾಗಿದ್ದ ಒಬ್ಬರು ಬಿಟ್ಟರೆ ಇಲ್ಲ ಎಂದರು. ಆಮೇಲೆ ನಾನು ನನ್ನ ಟಿಪ್ಪಣಿ ಪುಸ್ತಕವನ್ನು ತಿರುವಿ, ಮೊದಲ ದಿನ ಅವರೇ ಹೇಳಿದ್ದನ್ನು ಓದಿದೆ: "ಮನೇಲಿ ಓದಿಸ್ತಾ ಇದಾರೆ ಮೇಡಂ, ಅಡ್ಡಿ ಏನಿಲ್ಲ."

ಮೂವತ್ತೊಂದು ವರ್ಷದ, ಎಂ.ಎ. ಪಾಠ ಹೇಳಬಲ್ಲ ಹೆಂಗಸು ತನ್ನ ಓದಿಗೆ ತಾನು ಕರ್ತೃವಲ್ಲ ಎಂಬಂತೆ ಮಾತಾಡುತ್ತಿದ್ದರು. ಓದಿಸುವವರು ಇನ್ಯಾರೋ ಆದರೆ ಬಿಡಿಸುವ ಅಧಿಕಾರವೂ ಅವರದೇ. ಆಗ ಪ್ರತಿದಿನವೂ ಅವರಿಗೆ ಋಣ ತೀರಿಸುತ್ತಿರಬೇಕು: ಸಾರಿಗೆ ಒಗ್ಗರಣೆ ಸರಿಯಾಗಿ ಹಾಕಿ, ಮುಖ ಗಂಟಿಕ್ಕದೆ, ಪುಸ್ತಕ ಕಣ್ಣಿಗೆ ಬೀಳದ ಹಾಗೆ ಇಟ್ಟು. ಅತ್ತೆ ಕೆಟ್ಟವರೇನಲ್ಲ. ಒಂದು ದಿನವೂ ಓದು ನಿಲ್ಲಿಸು ಎಂದವರಲ್ಲ. "ನೀನು ಓದ್ಕೋ ಹೋಗಮ್ಮ, ನಾನೇ ಹೇಗೋ ಮಾಡ್ಕೋತೀನಿ" ಎನ್ನುತ್ತಾರೆ. ಆ "ಹೇಗೋ" ಎಂಬ ಪದ ಕೇಳಿದ ಮೇಲೆ ಯಾವ ಸೊಸೆಗೆ ಪುಸ್ತಕ ತೆರೆಯಲು ಮನಸ್ಸು ಬರುತ್ತದೆ? ಇದು ನನ್ನ ಊಹೆಯಲ್ಲ, ನನ್ನ ಬಳಿಗೆ ಬರುವ ಓದುವ ಸೊಸೆಯರಲ್ಲಿ ಮತ್ತೆ ಮತ್ತೆ ಕೇಳಿರುವ ಮಾತು.

ಇಷ್ಟಾದರೂ ಆ ಫೋಲ್ಡರ್ ಯಾಕೆ ತೆರೆಯುತ್ತಿಲ್ಲ ಎಂಬುದು ತಿಳಿದಿರಲಿಲ್ಲ. ಮನೆಯ ಒತ್ತಡ ಮೂರು ವರ್ಷದಿಂದ ಹಾಗೆಯೇ ಇತ್ತು. ಬರವಣಿಗೆ ನಿಂತದ್ದು ಐದು ತಿಂಗಳ ಹಿಂದೆ. ಹಿಂದಿನ ದಿನ ಏನಾಯಿತು, ಅದರ ಹಿಂದಿನ ವಾರ ಏನು ಮಾಡುತ್ತಿದ್ದಿರಿ ಎಂದು ಹಿಂದಕ್ಕೆ ಹಿಂದಕ್ಕೆ ಹೋದೆವು. ಹನ್ನೆರಡನೇ ಸಂದರ್ಶನದ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸುತ್ತಿದ್ದರು. ಮೂವತ್ತೊಂದನೇ ನಿಮಿಷಕ್ಕೆ ನಿಲ್ಲಿಸಿದ್ದರು. ಅಲ್ಲಿಂದ ಮುಂದೆ ಇಲ್ಲ.

ಅದು ಮಂಡ್ಯ ಕಡೆಯ ಒಬ್ಬ ಅಜ್ಜಿ, ಎಂಬತ್ತಾರು ವರ್ಷ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಮಾತಾಡಿದ್ದಾರೆ. ಶಾಲೆಯಲ್ಲಿ ಏನು ಕಲಿಸುತ್ತಿದ್ದರು ಅಜ್ಜಿ ಎಂದು ಕೇಳಿದ್ದೇ ತಡ, ಕೈ ನಿಲ್ಲಿಸದೆ ಮಗ್ಗಿ ಹೇಳಲು ಶುರುಮಾಡಿದ್ದಾರೆ. ಎರಡರ ಮಗ್ಗಿಯಿಂದ ಒಂದೇ ರಾಗದಲ್ಲಿ, ಸುಲಿದ ಕಾಳು ಮೊರಕ್ಕೆ ಬೀಳುವ ಸದ್ದಿನ ಜೊತೆಯಲ್ಲೇ, ಹದಿನಾರು ಹತ್ತಲ ನೂರ ಅರವತ್ತರವರೆಗೆ ಹೇಳಿ ನಿಂತಿದ್ದಾರೆ. "ಹದಿನೇಳು ಬರಾಕಿಲ್ಲ ಕಣವ್ವ. ಅಷ್ಟೊತ್ಗೆ ಬುಡಿಸ್ಬುಟ್ರು." ಆಮೇಲೆ ವಸುಧಾ ಮುಖ ನೋಡಿ ಕೇಳಿದ್ದಾರೆ: "ನಿಂಗೆ ಎಲ್ಲಾ ಬತ್ತದಲ್ಲವ್ವ. ಇನ್ನೇನು ಕಷ್ಟ ನಿಂಗೆ?"

ಇದನ್ನು ಹೇಳುವಾಗ ವಸುಧಾ ಅತ್ತರು. ಅವತ್ತು ಅಜ್ಜಿಯ ಎದುರಿಗೆ ನಕ್ಕು ಸುಮ್ಮನಾಗಿದ್ದರಂತೆ. "ನಿಜ ತಾನೇ ಮೇಡಂ? ನನಗೇನು ಕಷ್ಟ? ಹದಿನೇಳರ ಮಗ್ಗಿಗೆ ಎಪ್ಪತ್ತೈದು ವರ್ಷದಿಂದ ಕಾಯ್ತಾ ಇರೋರ ಮುಂದೆ ನನ್ನದು ಒಂದು ಕಷ್ಟಾನಾ?" ಬರೀ ಅಜ್ಜಿಯಷ್ಟೇ ಅಲ್ಲ. ಬಾಲವಿಧವೆಯಾಗಿ, ತಾವೇ ಬರೆದು ತಾವೇ ಪ್ರಕಟಿಸಿದ ನಂಜನಗೂಡು ತಿರುಮಲಾಂಬಾ, ಬಾಲವಿಧವೆಯಾಗಿಯೇ "ಸರಸ್ವತಿ" ಮಾಸಪತ್ರಿಕೆಯನ್ನು 1921ರಿಂದ ನಾಲ್ಕು ದಶಕ ನಡೆಸಿದ ಆರ್. ಕಲ್ಯಾಣಮ್ಮ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅವರ ಎದುರು ತಮ್ಮನ್ನು ತಾವೇ ಅಪರಾಧಿ ಮಾಡಿಕೊಂಡಿದ್ದರು. ಓದಿದ ಸ್ತ್ರೀವಾದವೆಲ್ಲ ಅವರ ಕೈಯಲ್ಲಿ ಬೆತ್ತವಾಗಿತ್ತು, ಬೀಳುತ್ತಿದ್ದದ್ದು ಅವರದೇ ಬೆನ್ನಿಗೆ. ಮನೆಯಲ್ಲಿ ಒಬ್ಬ ಅತ್ತೆ, ತಲೆಯೊಳಗೆ ಇನ್ನೊಬ್ಬ ಅತ್ತೆ.

ನಾನು ಹೇಳಿದ್ದು ಇಷ್ಟು. ತಿರುಮಲಾಂಬಾ ಅವರಿಗೆ ಬೆನ್ನಿಗೆ ನಿಂತ ತಂದೆಯಿದ್ದರು. ಅದನ್ನು ನಿಮ್ಮ ಅಧ್ಯಾಯದಲ್ಲಿ ನೀವೇ ಬರೆದಿದ್ದೀರಿ, ನಿಮ್ಮನ್ನು ಅಳೆಯುವಾಗ ಮಾತ್ರ ಅಳಿಸಿಹಾಕುತ್ತೀರಿ. ಅವರು ಕೊನೆಯ ದಶಕಗಳಲ್ಲಿ ಹೆಚ್ಚುಕಡಿಮೆ ಬರೆಯದೆ, ಯಾರ ನೆನಪಿಗೂ ಬಾರದೆ 1982ರವರೆಗೆ ಬದುಕಿದ್ದರು ಎಂಬುದೂ ನಿಮಗೆ ಗೊತ್ತು. ಆ ಮೌನಕ್ಕೆ ಅವರನ್ನು ನೀವು ಬೈಯುವುದಿಲ್ಲ, ಕಾರಣ ಹುಡುಕುತ್ತೀರಿ. ನಿಮ್ಮ ಐದು ತಿಂಗಳ ಮೌನಕ್ಕೂ ಅದೇ ನ್ಯಾಯ ಸಲ್ಲಬೇಕು. ಇನ್ನು ಅಜ್ಜಿ ಕೇಳಿದ ಪ್ರಶ್ನೆ. ನೀವು ಅದನ್ನು ತೀರ್ಪು ಎಂದುಕೊಂಡಿರಿ. ಅವರು ಕೇಳಿದ್ದು ಪ್ರಶ್ನೆ. ಎಂಬತ್ತಾರರ ಹೆಂಗಸು ಎದುರಿಗೆ ಕೂತ ಹುಡುಗಿಯ ಮುಖ ಬಾಡಿದ್ದನ್ನು ನೋಡಿ ಏನಮ್ಮಾ ನಿನಗೆ ಕಷ್ಟ ಎಂದು ಕೇಳಿರಲೂಬಹುದಲ್ಲ? ನೀವು ಉತ್ತರವನ್ನೇ ಹೇಳಲಿಲ್ಲ.

ಇದಕ್ಕೆ ಅವರು ಏನೂ ಅನ್ನಲಿಲ್ಲ. ಆ ದಿನದ ಭೇಟಿ ಅಲ್ಲಿಗೆ ಮುಗಿಯಿತು.

ಮುಂದಿನ ಹೆಜ್ಜೆಯಲ್ಲಿ ನಾನು ತಪ್ಪಿದೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ಬರೆಯಿರಿ ಎಂದೆ. ಬಹಳ ಜನಕ್ಕೆ ಒಗ್ಗಿದ ಸಲಹೆ. ವಸುಧಾ ಎದ್ದರು, ದೀಪ ಹಾಕಿದರು, ಹತ್ತು ನಿಮಿಷಕ್ಕೆ ಅತ್ತೆ ಎದ್ದು ಬಂದು "ಎದ್ದಿದೀಯಲ್ಲ, ಒಂದು ಲೋಟ ಕಾಫಿ ಮಾಡ್ಬಿಡು" ಎಂದರು. ಒಂದು ವಾರ ಹೀಗೇ ಆಯಿತು. ಇದ್ದ ನಿದ್ದೆಯೂ ಹೋಯಿತು. ರಕ್ತಹೀನತೆ ಇದ್ದವರ, ಮೂರಕ್ಕೇ ಎಚ್ಚರವಾಗುವವರ ನಿದ್ದೆಯಿಂದ ಸಮಯ ಕತ್ತರಿಸಲು ಹೇಳಿದ್ದು ನನ್ನ ಅವಿವೇಕ. ಮುಂದಿನ ವಾರ ಅವರಲ್ಲಿ ಕ್ಷಮೆ ಕೇಳಿದೆ. ಸಮಯವನ್ನು ಹೆಂಗಸಿನ ನಿದ್ದೆಯಿಂದ ತೆಗೆಯಬಾರದು, ಮನೆಯ ಕೆಲಸದಿಂದ ತೆಗೆಯಬೇಕು.

ಅದಕ್ಕೆ ಮೊದಲು ಕೆಲಸ ಕಣ್ಣಿಗೆ ಕಾಣಬೇಕು. ಒಂದು ವಾರದ ದಿನಚರಿ ಬರೆದು ತರಲು ಹೇಳಿದ್ದೆ. ಸಂಜೆ ಆರರಿಂದ ಹತ್ತರವರೆಗಿನ ನಾಲ್ಕು ಗಂಟೆಗೆ "ಮನೆಕೆಲಸ" ಎಂದು ಒಂದೇ ಪದ ಬರೆದಿದ್ದರು. ಬಿಡಿಸಿ ಬರೆಯಿರಿ ಎಂದೆ. ನಾಳೆಯ ದೋಸೆಗೆ ಅಕ್ಕಿ ಉದ್ದು ನೆನೆಸಿದ್ದು ನೆನಪಿಟ್ಟುಕೊಳ್ಳುವುದು, ರುಬ್ಬುವುದು, ಅತ್ತೆಯ ಬಿ.ಪಿ. ಮಾತ್ರೆ ಎಷ್ಟು ಉಳಿದಿವೆ ಎಂದು ಎಣಿಸುವುದು, ಮಗಳ ಯೂನಿಫಾರಂ ಗುಂಡಿ, ಶುಕ್ರವಾರದ ಹೂವು, ಗ್ಯಾಸ್ ಬುಕಿಂಗ್, ನಾದಿನಿಯ ಮಗನ ನಾಮಕರಣಕ್ಕೆ ಏನು ಕೊಡುವುದು ಎಂಬ ಯೋಚನೆ. ಹಾಳೆಯ ಎರಡೂ ಬದಿ ತುಂಬಿತು. ಪತ್ರಾಗಾರದ ಕಡತದಲ್ಲಿ ಒಂದೊಂದು ಅಕ್ಷರಕ್ಕೂ ಕಣ್ಣು ಕೀಲಿಸುವ ಸಂಶೋಧಕಿ ತಮ್ಮ ದಿನವನ್ನು ಮಾತ್ರ ಒಂದು ಪದದಲ್ಲಿ ಮುಗಿಸಿದ್ದರು.

ಆ ಹಾಳೆಯನ್ನು ಇಟ್ಟುಕೊಂಡು, ವಸುಧಾ ಒಪ್ಪಿದ ಮೇಲೆ, ಗಂಡನನ್ನು ಕರೆಸಿದೆ. ಮೆತ್ತಗಿನ ಮನುಷ್ಯ. ಬಂದ ಕೂಡಲೇ "ನಾನು ಯಾವತ್ತೂ ಬೇಡ ಅಂದಿಲ್ಲ ಮೇಡಂ, ಫೀಸೂ ನಾನೇ ಕಟ್ತೀನಿ" ಎಂದರು. ನಿಜವೇ. ಬೇಡ ಎನ್ನದಿರುವುದು ಒಂದು, ಜಾಗ ಬಿಟ್ಟುಕೊಡುವುದು ಇನ್ನೊಂದು ಎಂದು ವಾದಿಸುವ ಬದಲು ಹಾಳೆಯನ್ನು ಅವರ ಕೈಗೆ ಕೊಟ್ಟೆ. ಓದಿದರು. ಮಾತ್ರೆ ಎಣಿಸುವ ಸಾಲಿನ ಹತ್ತಿರ ಬೆರಳು ನಿಂತಿತು. "ಅಮ್ಮನ ಮಾತ್ರೆ ನಾನು ತರೋದಲ್ವಾ?" ಎಂದರು. "ತರೋದು ನೀವು. ಮುಗೀತು ಅಂತ ಗೊತ್ತಾಗೋದು ನನಗೆ" ಎಂದರು ವಸುಧಾ. ಆ ಕೋಣೆಯಲ್ಲಿ ಆಡಿದ ಅತಿ ಮುಖ್ಯವಾದ ಮಾತು ಅದೇ ಎಂದು ಈಗಲೂ ಅನಿಸುತ್ತದೆ.

ಮೂವರೂ ಕೂತು ಒಪ್ಪಂದ ಮಾಡಿಕೊಂಡೆವು. ಮಂಗಳವಾರ, ಗುರುವಾರ ಸಂಜೆ ನಾಲ್ಕರಿಂದ ಏಳೂವರೆ, ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದು ವಸುಧಾ ಮನೆಯಲ್ಲಿ ಇರುವುದಿಲ್ಲ. ಗ್ರಂಥಾಲಯದ ವಾಚನ ಕೊಠಡಿಯಲ್ಲಿ ಇರುತ್ತಾರೆ. ಮನೆಯ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದು ಸಾಲದು ಎಂದು ನಾನು ಪಟ್ಟುಹಿಡಿದೆ. ಬಾಗಿಲು ತಟ್ಟಲು ಮಗುವಿಗೆ ಕಾರಣವೇ ಬೇಡ. ಆ ಹೊತ್ತಿನ ಅಡುಗೆ, ಮಗಳು, ಮಾತ್ರೆ ಗಂಡನ ಜವಾಬ್ದಾರಿ, "ಸಹಾಯ" ಅಲ್ಲ. ಮತ್ತು ಇದನ್ನು ಅತ್ತೆಗೆ ಹೇಳಬೇಕಾದವರು ಮಗ, ಸೊಸೆಯಲ್ಲ. ಸೊಸೆ ಹೇಳಿದರೆ ಅದು ಬೇಡಿಕೆಯಾಗುತ್ತದೆ. ಮಗ ಹೇಳಿದರೆ ಮನೆಯ ಏರ್ಪಾಡಾಗುತ್ತದೆ. ಹೀಗಿರುವುದು ಅನ್ಯಾಯವೇ, ಆದರೆ ಗಂಡನ ಮಾತಿಗೆ ಮನೆಯಲ್ಲಿ ಇರುವ ತೂಕವನ್ನು ಹೆಂಡತಿಯ ಕೆಲಸಕ್ಕೆ ಬಳಸದೆ ಸುಮ್ಮನೆ ಇಟ್ಟುಕೊಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ವಸುಧಾಗೆ ಒಂದೇ ಒಂದು ಭಾಷಾಪಾಠ ಕೊಟ್ಟೆ: ಯಾರಾದರೂ ಕೇಳಿದರೆ "ಓದಿಸ್ತಾ ಇದಾರೆ" ಅನ್ನಬೇಡಿ, "ಪಿಎಚ್.ಡಿ. ಮಾಡ್ತಾ ಇದೀನಿ" ಅನ್ನಿ. ಮೊದಲ ಸಲ ಹಾಗೆ ಹೇಳಿದಾಗ ಗಂಟಲು ಒಣಗಿತು ಎಂದು ಬಂದು ಹೇಳಿದರು.

ಗೈಡ್ ವಿಷಯ ಬೇರೆ ರೀತಿಯದು. ಅವರೂ ಹೆಂಗಸು. "ನಾವೆಲ್ಲ ಮಗೂನ ಸೊಂಟದ ಮೇಲೆ ಇಟ್ಕೊಂಡೇ ಥೀಸಿಸ್ ಬರೆದ್ವಿ" ಎನ್ನುವವರು. ಅವರು ಪಟ್ಟ ಪಾಡು ದೊಡ್ಡದೇ, ಅದಕ್ಕೆ ಗೌರವವಿದೆ. ಆದರೆ ತಾನು ಹತ್ತಿದ ಮುಳ್ಳಿನ ದಾರಿಯನ್ನೇ ಹಿಂದೆ ಬರುವವಳಿಗೂ ಪರೀಕ್ಷೆಯಾಗಿ ಇಡಬಾರದು. ಇಂಥವರಿಗೆ ಫೋನಿನಲ್ಲಿ ಅಳುತ್ತಾ ಹೇಳಿದರೆ ಪ್ರಯೋಜನವಿಲ್ಲ, ಬರೆದು ಕೊಡಬೇಕು. ಒಂದು ಪುಟದ ಪತ್ರ ಬರೆಸಿದೆ: ಆರೋಗ್ಯ ಕೆಟ್ಟಿತ್ತು, ಚಿಕಿತ್ಸೆ ನಡೆದಿದೆ, ಈ ತಾರೀಕಿಗೆ ಇಷ್ಟು ಪುಟ ಕೊಡುತ್ತೇನೆ, ತಿಂಗಳ ಮೊದಲ ಸೋಮವಾರ ಅರ್ಧ ಗಂಟೆ ಭೇಟಿ ಬೇಕು. ಕ್ಷಮೆ ಒಂದೇ ಸಾಲು. ಮೊದಲ ಕರಡಿನಲ್ಲಿ ಹನ್ನೊಂದು ಸಾಲು ಕ್ಷಮೆಯೇ ಇತ್ತು.

ಜೊತೆಗೆ ನಿಯಮಾವಳಿ ಓದಿಸಿದೆ. ಇಲ್ಲಿ ಹೇಳಲೇಬೇಕು, ಯಾಕೆಂದರೆ ಹಲವು ಸಂಶೋಧಕಿಯರಿಗೆ ಇದು ಗೊತ್ತಿಲ್ಲ. ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಿಎಚ್.ಡಿ. ನಿಯಮದಲ್ಲಿ, 2016ರದ್ದಿರಲಿ 2022ರದ್ದಿರಲಿ, ಗರಿಷ್ಠ ಅವಧಿ ಆರು ವರ್ಷ, ಮಹಿಳೆಯರಿಗೆ ಅದರ ಮೇಲೆ ಎರಡು ವರ್ಷದ ಸಡಿಲಿಕೆ ಕೊಡಲು ಅವಕಾಶವಿದೆ. ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೂ ಅವಕಾಶವಿದೆ. ಮದುವೆ ಅಥವಾ ಬೇರೆ ಕಾರಣಕ್ಕೆ ಊರು ಬಿಡಬೇಕಾದ ಸಂಶೋಧಕಿ ತನ್ನ ಸಂಶೋಧನೆಯನ್ನು ಹೊಸ ಊರಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ನಿಮ್ಮ ವಿಶ್ವವಿದ್ಯಾಲಯ ಇದನ್ನು ಹೇಗೆ ಜಾರಿ ಮಾಡಿದೆ ಎಂದು ಪಿಎಚ್.ಡಿ. ವಿಭಾಗದಲ್ಲಿ ಲಿಖಿತವಾಗಿ ಕೇಳಿ. ಯಾರೋ ಕಾರಿಡಾರಿನಲ್ಲಿ ಹೇಳಿದ್ದನ್ನು ನಂಬಬೇಡಿ. ವಸುಧಾ "ನನ್ನ ಟೈಮ್ ಮುಗೀತು" ಎಂದು ಎದೆ ಹೊಡೆದುಕೊಳ್ಳುತ್ತಿದ್ದದ್ದು ಆರು ವರ್ಷದ ನಾಲ್ಕನೆಯದರಲ್ಲಿ.

ಬರವಣಿಗೆಗೆ ಮರಳಿದ್ದು ಹನ್ನೆರಡನೇ ಸಂದರ್ಶನದಿಂದಲ್ಲ. ಸುಲಭದ ಒಂದನ್ನು ಆರಿಸಿ ಎಂದೆ. ಎಲ್.ಎಸ್. ಪಾಸಾದ ಮೇಡಮ್ಮನವರದನ್ನು ಆರಿಸಿದರು, "ಓದಿದೆ" ಎಂದಿದ್ದ ಆ ಒಬ್ಬರು. ದಿನಕ್ಕೆ ನಲವತ್ತು ನಿಮಿಷ ಕೇಳಿ ಬರೆಯುವುದು, ಗಡಿಯಾರ ಹೊಡೆದರೆ ವಾಕ್ಯದ ನಡುವೆಯೇ ನಿಲ್ಲಿಸುವುದು. ಭಾರವಾದ ಸಂದರ್ಶನ ಕೇಳಿದ ದಿನ ಅದೇ ಕ್ಷೇತ್ರದ ಗೆಳತಿಯೊಬ್ಬರಿಗೆ ಹದಿನೈದು ನಿಮಿಷ ಫೋನ್ ಮಾಡಿ ಕೇಳಿದ್ದನ್ನು ಹೇಳಿಕೊಳ್ಳಬೇಕು, ಹೆಸರು ಬಿಟ್ಟು. ಬೇರೆಯವರ ನೋವನ್ನು ಧ್ವನಿಮುದ್ರಿಸಿ ತರುವ ಸಂಶೋಧಕರಿಗೆ ಅದನ್ನು ಇಳಿಸಿಕೊಳ್ಳುವ ಜಾಗವನ್ನು ನಮ್ಮ ವಿಭಾಗಗಳು ಕೊಡುತ್ತಿಲ್ಲ. ಕೋರ್ಸ್‌ವರ್ಕಿನಲ್ಲಿ ಪ್ರಶ್ನಾವಳಿ ಮಾಡುವುದನ್ನು ಕಲಿಸುತ್ತಾರೆ. ಎದುರಿಗೆ ಕೂತ ಮುದುಕಿ ಅತ್ತರೆ ಏನು ಮಾಡಬೇಕು, ರಾತ್ರಿ ಮನೆಗೆ ಬಂದ ಮೇಲೆ ತಾನೇ ಅತ್ತರೆ ಏನು ಮಾಡಬೇಕು ಎಂಬುದನ್ನೂ ಕಲಿಸಬೇಕು. ಇದನ್ನು ನಾನು ಕಾಳಜಿಯಿಂದ ಕೇಳಿಕೊಳ್ಳುತ್ತಿದ್ದೇನೆ.

ಏಳನೇ ಭೇಟಿಯ ಹೊತ್ತಿಗೆ ರಾತ್ರಿಯ ನಿದ್ದೆ ಐದೂವರೆ ಗಂಟೆಯಷ್ಟಾಗಿತ್ತು, ಹಿಮೋಗ್ಲೋಬಿನ್ 11ಕ್ಕೆ ಏರಿತ್ತು. ಬೆಳಿಗ್ಗೆ ಏಳಬಾರದು ಎನಿಸುವುದು ಕಡಿಮೆಯಾಗಿ, ಆಮೇಲೆ ನಿಂತಿತು ಎಂದರು. ಎಂಟನೇ ಭೇಟಿಗೆ ಬರುವ ಮೊದಲು ಅವರಾಗಿಯೇ ಮಂಡ್ಯದ ಬಸ್ಸು ಹತ್ತಿ ಆ ಅಜ್ಜಿಯ ಮನೆಗೆ ಹೋಗಿದ್ದರು. ನಾನು ಹೇಳಿರಲಿಲ್ಲ. ರೆಕಾರ್ಡರ್ ಒಯ್ಯಲಿಲ್ಲವಂತೆ. "ಅವತ್ತು ಕೇಳಿದ್ರಲ್ಲ ಅಜ್ಜಿ, ನನ್ನ ಕಷ್ಟ ಹೇಳೋಣ ಅಂತ ಬಂದೆ" ಎಂದರಂತೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ಅತ್ತೆಯ ಬಗ್ಗೆ ಎರಡು ಮಾತು ಆಡಿ, ಉಪ್ಪಿನಕಾಯಿ ಕಟ್ಟಿ ಕೊಟ್ಟಿದ್ದಾರೆ. ಹೊರಡುವಾಗ ವಸುಧಾ ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಹದಿನೇಳರ ಮಗ್ಗಿ ಬರೆದು ಕೊಟ್ಟು ಬಂದರು.

ಅವರ ಮೂರನೇ ಅಧ್ಯಾಯ ಈಗ ಬೇರೆ ಆಕಾರ ಪಡೆದಿದೆ. ಇಪ್ಪತ್ತಮೂರು ಸಂದರ್ಶನಗಳಲ್ಲಿ ಓದಿಸು, ಕಳಿಸು, ನಿಲ್ಲಿಸು, ಬಿಡಿಸು ಎಂಬ ಕ್ರಿಯಾಪದಗಳನ್ನು ಯಾರು, ಯಾರ ಬಗ್ಗೆ, ಎಷ್ಟು ಸಲ ಬಳಸಿದ್ದಾರೆ ಎಂದು ಪಟ್ಟಿ ಮಾಡುತ್ತಿದ್ದಾರೆ. ಗೈಡ್ ಮೊದಲ ಕರಡನ್ನು ತುಂಬಾ ಕೆಂಪು ಗೆರೆ ಎಳೆದು ಹಿಂದಿರುಗಿಸಿದರು, ಕೊನೆಯಲ್ಲಿ "ಮುಂದುವರಿಸು" ಎಂದು ಬರೆದಿದ್ದರು. ಗುರುವಾರದ ಸಂಜೆ ಗಂಡನಿಗೆ ಇನ್ನೂ ಎರಡು ವಾರಕ್ಕೊಮ್ಮೆ ಮರೆತುಹೋಗುತ್ತದೆ. ಅತ್ತೆ ಈಗಲೂ "ಹೇಗೋ ಮಾಡ್ಕೋತೀನಿ" ಅನ್ನುತ್ತಾರೆ. "ಆಯ್ತು ಅತ್ತೆ, ಇವರು ಇದಾರೆ" ಎಂದು ಹೇಳಿ ವಸುಧಾ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಮುಂದಿನ ಭೇಟಿ ಆರು ವಾರದ ನಂತರ ಇಟ್ಟುಕೊಂಡಿದ್ದೇವೆ.